ಮೊಣಕಾಲಿನ ಹರಿದ ಬಂಧ: ಪುನರ್ರಚನೆಯ ಶಸ್ತ್ರವಿಧಾನಗಳು

ಮಾನವ ಶರೀರದ ಸಂಧಿಗಳಲ್ಲೆಲ್ಲ ಮೊಣಕಾಲಿನ ಸಂಧಿ ಅತ್ಯಂತ ದೊಡ್ಡದು. ಆದರೆ ಅದರ ಭದ್ರತೆ ಅದರ ಗಾತ್ರಕ್ಕೆ ತಕ್ಕುದಾಗಿಲ್ಲ. ಸೊಂಟದ ಸಂಧಿಯಲ್ಲಿ ತೊಡೆಯೆಲುಬಿನ ಗುಂಡುತಲೆ ಆಳವಾದ ಬಟ್ಟಲಿನಲ್ಲಿ ಕುಳಿತಿರುತ್ತದೆ. ಮೊಣಕಾಲಿನಲ್ಲಿ ಅಂತಹ ಬಟ್ಟಲಿಲ್ಲ. ತೊಡೆಯೆಲುಬಿನ ದುಂಡಾದ ಎರಡು ತುದಿಗಳು ಕಣಕಾಲೆಲುಬಿನ ಹೆಚ್ಚುಕಡಿಮೆ ಚಪ್ಪಟೆಯಾದ ನೆತ್ತಿಯ ಮೇಲೆ ನಿಂತಿವೆ. ಹೀಗಿದ್ದರೂ ನಾವು ಓಡುತ್ತೇವೆ, ಹಾರುತ್ತೇವೆ, ಕುಕ್ಕುರುಗಾಲಿನಲ್ಲಿ ಕುಳಿತೇಳುತ್ತೇವೆ. ಇದು ಸಾಧ್ಯವಾಗಿರುವುದು ಎಲುಬಿನ ಆಕಾರದಿಂದಲ್ಲ. ಎಲುಬಿಗೆ ಎಲುಬನ್ನು ಬಿಗಿದಿರುವ ಅಸ್ಥಿಬಂಧಗಳಿಂದ. ಇವನ್ನೇ ಇಂದು ಜನಸಾಮಾನ್ಯರೂ ಲಿಗಮೆಂಟ್ ಎಂದು ಕರೆಯುತ್ತಾರೆ.

ಮೊಣಕಾಲಿಗೆ ಇಂತಹ ಮುಖ್ಯ ಬಂಧಗಳು ನಾಲ್ಕು. ಎರಡು ಇಕ್ಕೆಲಗಳಲ್ಲಿವೆ, ಇನ್ನೆರಡು ಸಂಧಿಯ ಒಡಲಿನೊಳಗೆ ಕತ್ತರಿಯಂತೆ ಒಂದನ್ನೊಂದು ಹಾದುಹೋಗುತ್ತವೆ. ಈ ಎರಡು ಅಡ್ಡಬಂಧಗಳಲ್ಲಿ ಮುಂದಣದ್ದಕ್ಕೆ ವೈದ್ಯರು ಎ.ಸಿ.ಎಲ್. ಎಂಬ ಸಂಕ್ಷಿಪ್ತ ಹೆಸರನ್ನಿಟ್ಟಿದ್ದಾರೆ. ಅದರ ಉದ್ದ ಮೂರು, ಮೂರೂವರೆ ಸೆಂಟಿಮೀಟರ್. ಅಗಲ ಒಂದು ಸೆಂಟಿಮೀಟರಿನಷ್ಟು. ಕಿರುಬೆರಳಿನ ಗಾತ್ರದ ಈ ಎಳೆಗಟ್ಟು ತರುಣರಲ್ಲಿ ಸುಮಾರು 220 ಕಿಲೋಗ್ರಾಂ ಭಾರದ ಸೆಳೆತವನ್ನು ತಾಳಬಲ್ಲದು. ಕಣಕಾಲೆಲುಬು ಮುಂದಕ್ಕೆ ಜಾರದಂತೆ, ತಿರುಚಿಕೊಳ್ಳದಂತೆ ತಡೆಯುವುದೇ ಅದರ ಕೆಲಸ. ಅದು ಹರಿದಾಗ ಏನಾಗುತ್ತದೆ, ಶಸ್ತ್ರವೈದ್ಯರು ಅದನ್ನು ಹೇಗೆ ಮರಳಿ ಕಟ್ಟುತ್ತಾರೆ, ಕಟ್ಟಿದ ಮೇಲೆ ರೋಗಿಯ ಪಾಲಿಗೆ ಉಳಿಯುವ ಕಾರ್ಯವೇನು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಉಡುಪಿ ಸೀಮೆಯ ನಿದರ್ಶನ

ಈ ವಿಷಯವನ್ನು ಉಡುಪಿ ಜಿಲ್ಲೆಯನ್ನು ಮುಂದಿರಿಸಿಕೊಂಡು ವಿವರಿಸುವುದಕ್ಕೆ ಕಾರಣವುಂಟು. ಕಡಲಂಚಿನ ಕಾಪು, ಅದರ ಉತ್ತರಕ್ಕೆ ಉಡುಪಿ, ಉಡುಪಿಯಿಂದ ಐದು ಕಿಲೋಮೀಟರ್ ಮೂಡಲಿಗೆ ಮಣಿಪಾಲ, ಘಟ್ಟದ ಬುಡದತ್ತ ಕಾರ್ಕಳ. ಈ ಕಿರಿದಾದ ಪ್ರದೇಶದಲ್ಲಿ ಮೊಣಕಾಲು ಪಡುವ ಪಾಡು ಬಗೆಬಗೆಯದು. ಕಾರ್ಕಳದ ಬಳಿಯ ಮಿಯ್ಯಾರಿನಲ್ಲಿಯೂ ಕಾಪು ಸಮೀಪದ ಕಟಪಾಡಿಯಲ್ಲಿಯೂ ಕಂಬಳದ ಓಟಗಾರರು ಕೆಸರುಗದ್ದೆಯಲ್ಲಿ ಬರಿಗಾಲಿನಲ್ಲಿ ಕೋಣಗಳ ಹಿಂದೆ ಧಾವಿಸುತ್ತಾರೆ. ಬಡಗುತಿಟ್ಟಿನ ಯಕ್ಷಗಾನ ವೇಷಧಾರಿ ರಂಗದ ಮೇಲೆ ಮಂಡಿಯೂರಿ ಚಕ್ರದಂತೆ ಸುತ್ತುತ್ತಾನೆ. ಮೀನುಗಾರರು ಹೊಯ್ದಾಡುವ ದೋಣಿಯಲ್ಲಿ ಕಾಲೂರಿ ಬಲೆ ಎಳೆಯುತ್ತಾರೆ. ಕಬಡ್ಡಿಯಂತೂ ಊರೂರಿನ ಆಟ. ಭಾರತದ ಮಹಿಳಾ ಕಬಡ್ಡಿ ತಂಡದ ನಾಯಕಿಯಾಗಿದ್ದು 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮಮತಾ ಪೂಜಾರಿಯವರು ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯವರು.

ಇವೆಲ್ಲಕ್ಕೂ ಸಮೀಪದಲ್ಲಿಯೇ, ಡಾಕ್ಟರ್ ಟಿ. ಎಂ. ಎ. ಪೈ ಅವರು 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಮತ್ತು ಅದಕ್ಕೆ ಸೇರಿದ ಆಸ್ಪತ್ರೆ ಇವೆ. ಕರಾವಳಿಯವರಷ್ಟೇ ಅಲ್ಲ, ಘಟ್ಟದ ಮೇಲಿನ ಜಿಲ್ಲೆಗಳವರೂ ಚಿಕಿತ್ಸೆಗಾಗಿ ಅಲ್ಲಿಗೆ ಇಳಿದು ಹೋಗುವುದು ನಮಗೆ ತಿಳಿದ ಸಂಗತಿಯೇ. ಆದುದರಿಂದ ಅಲ್ಲಿಯ ಜನಜೀವನವನ್ನು ಗಮನದಲ್ಲಿಟ್ಟುಕೊಂಡರೆ, ಶಸ್ತ್ರವೈದ್ಯರು ಈ ವಿಧಾನಗಳ ನಡುವೆ ಏಕೆ ಆಯ್ಕೆ ಮಾಡಬೇಕಾಗುತ್ತದೆಂಬುದು ಸುಲಭವಾಗಿ ಮನದಟ್ಟಾಗುತ್ತದೆ.

ಹರಿಯುವುದು ಹೇಗೆ, ಕೂಡದಿರುವುದು ಏಕೆ

ಈ ಬಂಧ ಹರಿಯಲು ಎದುರಾಳಿಯ ಏಟು ಬೀಳಲೇಬೇಕೆಂದಿಲ್ಲ. ಪಾದ ನೆಲದಲ್ಲಿ ಕಚ್ಚಿಕೊಂಡಿರುವಾಗ ಮೈ ಮಾತ್ರ ತಿರುಗಿದರೆ, ಜಿಗಿದವನು ಮಂಡಿ ಒಳಕ್ಕೆ ವಾಲಿದಂತೆ ನೆಲಕ್ಕಿಳಿದರೆ, ಓಡುತ್ತಿದ್ದವನು ಥಟ್ಟನೆ ನಿಂತು ದಿಕ್ಕು ಬದಲಿಸಿದರೆ ಸಾಕು. ದಾಳಿಗೆ ಹೋದ ಕಬಡ್ಡಿ ಆಟಗಾರನ ಪಾದವನ್ನು ಹಿಡಿದವರು ಬಿಡದಿರುವಾಗ ಅವನು ಗೆರೆಯತ್ತ ಮೈ ತಿರುಚುವುದು ಇಂತಹುದೇ ಪ್ರಸಂಗ. ಒಳಗೆ 'ಟಪ್' ಎಂದ ಸದ್ದನ್ನು ಹಲವರು ತಾವೇ ಕೇಳುತ್ತಾರೆ. ಕೆಲವೇ ಗಂಟೆಗಳಲ್ಲಿ ಸಂಧಿಯೊಳಗೆ ರಕ್ತ ತುಂಬಿ ಮಂಡಿ ಊದಿಕೊಳ್ಳುತ್ತದೆ. ಒಂದೇ ಬಗೆಯ ಆಟಗಳಲ್ಲಿ ಬಾಲಕಿಯರಿಗೆ ಈ ಅಪಾಯ ಬಾಲಕರಿಗಿಂತ ಎರಡು ಮೂರು ಪಟ್ಟು ಹೆಚ್ಚೆಂಬುದು ಗಮನಾರ್ಹ.

ಎರಡು ಮೂರು ವಾರಗಳಲ್ಲಿ ಬಾವು ಇಳಿಯುತ್ತದೆ, ನೋವು ಅಡಗುತ್ತದೆ. ಎಕ್ಸ್‌ರೇಯಲ್ಲಿ ಎಲುಬು ನೆಟ್ಟಗೇ ಕಾಣುತ್ತದೆ. ಪೆಟ್ಟು ವಾಸಿಯಾಯಿತೆಂದು ಎಲ್ಲರೂ ನಂಬುತ್ತಾರೆ. ಆದರೆ ಮತ್ತೆ ಅಂಗಣಕ್ಕಿಳಿದು ತಿರುಗಿದೊಡನೆ ಮಂಡಿ 'ಜಾರುತ್ತದೆ'. ಹೀಗೆ ಜಾರಿದಾಗಲೆಲ್ಲ ಎರಡು ಎಲುಬುಗಳ ನಡುವೆ ಮೆತ್ತೆಯಂತಿರುವ ಅರ್ಧಚಂದ್ರಾಕಾರದ ಮೃದ್ವಸ್ಥಿ ನಲುಗುತ್ತದೆ, ಸೀಳುತ್ತದೆ. ಈ ಮೆತ್ತೆ ಹಾಳಾದವರಿಗೆ ನಡುವಯಸ್ಸಿನಲ್ಲಿಯೇ ಮಂಡಿಸವೆತ ತಲೆದೋರುವ ಸಂಭವ ಹೆಚ್ಚು. ಆಟ ನಿಂತುಹೋಗುವುದಕ್ಕಿಂತಲೂ ಇದು ದೊಡ್ಡ ನಷ್ಟ.

ಮೊಣಕಾಲಿನ ಒಳಪಕ್ಕದ ಬಂಧ ಹರಿದರೆ, ಆಧಾರಪಟ್ಟಿ ಕಟ್ಟಿ ಕಾದರೆ ಬಹುಮಟ್ಟಿಗೆ ತಾನೇ ಕೂಡಿಕೊಳ್ಳುತ್ತದೆ. ಅಡ್ಡಬಂಧಕ್ಕೆ ಆ ಭಾಗ್ಯವಿಲ್ಲ. ಗಾಯ ಕೂಡಲು ಹರಿದ ಎರಡು ತುದಿಗಳ ನಡುವೆ ರಕ್ತ ಹೆಪ್ಪುಗಟ್ಟಿ ಸೇತುವೆಯಂತೆ ನಿಲ್ಲಬೇಕು. ಸಂಧಿಯೊಳಗಿನ ಜಾರುದ್ರವ ಆ ಹೆಪ್ಪನ್ನು ಕರಗಿಸಿಬಿಡುತ್ತದೆ. ತುದಿಗಳು ದೂರ ಸರಿಯುತ್ತವೆ. ಎಣ್ಣೆ ನೀವುವುದಾಗಲಿ, ಪಟ್ಟು ಹಾಕುವುದಾಗಲಿ ನೋವಿಗೆ ಉಪಶಮನ ನೀಡಬಹುದೇ ಹೊರತು ಈ ತುದಿಗಳನ್ನು ಕೂಡಿಸಲಾರವು. ನುರಿತ ವೈದ್ಯರು ಮಂಡಿಯನ್ನು ತುಸು ಬಾಗಿಸಿ ಕಣಕಾಲನ್ನು ಮುಂದಕ್ಕೆಳೆದು ನೋಡಿಯೇ ಹರಿತವನ್ನು ಗುರುತಿಸಬಲ್ಲರು. ಲ್ಯಾಕ್‌ಮನ್ ಪರೀಕ್ಷೆ ಎಂಬ ಹೆಸರಿನ ಈ ಕ್ರಮ 1976ರಲ್ಲಿ ಪ್ರಕಟವಾಯಿತು. ಎಂ.ಆರ್.ಐ. ಚಿತ್ರ ಅದನ್ನು ದೃಢಪಡಿಸುವುದಲ್ಲದೆ ಮೆತ್ತೆಯ ಸ್ಥಿತಿಯನ್ನೂ ತೋರಿಸುತ್ತದೆ.

ಹೊಲಿಗೆಯಿಂದ ಕಸಿಯವರೆಗೆ

ಹರಿದುದನ್ನು ಹೊಲಿಯಬೇಕೆಂಬುದು ಸಹಜವಾಗಿ ಹೊಳೆಯುವ ಉಪಾಯ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಮೇಯೋ ರಾಬ್ಸನ್ ಎಂಬ ಶಸ್ತ್ರವೈದ್ಯರು 1895ರಲ್ಲಿ 41 ವರ್ಷದ ಗಣಿಕಾರ್ಮಿಕನೊಬ್ಬನ ಅಡ್ಡಬಂಧಗಳನ್ನು ಹೊಲಿದರು. ಆತ ಮರಳಿ ದುಡಿಯುವಂತಾದನು. ಆದರೆ ಎಲ್ಲರಿಗೂ ಆ ಅದೃಷ್ಟ ಒದಗಲಿಲ್ಲ. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ಹೀಗೆ ಹೊಲಿಸಿಕೊಂಡವರನ್ನು ಐದು ವರ್ಷ ಗಮನಿಸಿ 1976ರಲ್ಲಿ ಪ್ರಕಟಿಸಿದ ವರದಿ, ಹೊಲಿಗೆ ಬಹುಜನರಲ್ಲಿ ಉಳಿಯಲಿಲ್ಲವೆಂದು ತೋರಿಸಿಕೊಟ್ಟಿತು.

ಇನ್ನೊಂದು ದಾರಿಯನ್ನು ಬ್ರಿಸ್ಟಲ್ ನಗರದ ಹೇ ಗ್ರೋವ್ಸ್ 1917ರಲ್ಲಿಯೇ ತೆರೆದಿದ್ದರು. ಹರಿದುದನ್ನು ಹೊಲಿಯದೆ, ತೊಡೆಯ ಹೊರಮಗ್ಗುಲಿನ ಗಟ್ಟಿಪಟ್ಟಿಯ ಒಂದು ಭಾಗವನ್ನು ತೆಗೆದು, ಎಲುಬುಗಳಲ್ಲಿ ಕೊರೆದ ಸುರಂಗಗಳ ಮೂಲಕ ಹಾಯಿಸಿ ಹೊಸ ಬಂಧವನ್ನೇ ನಿರ್ಮಿಸಿದರು. ಇಂದಿನ ಎಲ್ಲ ವಿಧಾನಗಳಿಗೂ ಇದೇ ತಾಯಿಬೇರು. 1963ರಲ್ಲಿ ಅಮೆರಿಕದ ಕೆನೆತ್ ಜೋನ್ಸ್ ಮಂಡಿಚಿಪ್ಪಿನ ಕೆಳಗಿನ ರಜ್ಜುವಿನ ನಡುಭಾಗವನ್ನು ಎಲುಬಿನ ತುಣುಕಿನೊಡನೆ ಬಳಸಿದರು. 1980ರ ದಶಕದಲ್ಲಿ ಇಂಗಾಲದ ಎಳೆ, ಡೇಕ್ರಾನ್, ಗೋರ್‌ಟೆಕ್ಸ್ ಮೊದಲಾದ ಕೃತಕ ಹಗ್ಗಗಳ ಪ್ರಯೋಗ ಭರದಿಂದ ನಡೆಯಿತು. ಅವು ಕಾಲಕ್ರಮದಲ್ಲಿ ತೇದು ತುಂಡಾದವು. ಅವುಗಳ ಪುಡಿಯಿಂದ ಸಂಧಿ ಉರಿಯೂತಕ್ಕೊಳಗಾಯಿತು. ಕೃತಕ ಹಗ್ಗ ಎಷ್ಟೇ ಗಟ್ಟಿಯಾಗಿದ್ದರೂ ಸವೆಯುತ್ತಲೇ ಹೋಗುವಂಥದು. ಜೀವವಿರುವ ರಜ್ಜು ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುವಂಥದು. ಈ ಪಾಠದಿಂದಾಗಿ ವೈದ್ಯರು ರೋಗಿಯ ಸ್ವಂತ ರಜ್ಜುವಿನತ್ತಲೇ ಮರಳಿದರು.

ಅದೇ ಕಾಲದಲ್ಲಿ ಕೀಲುದರ್ಶಕ, ಅಂದರೆ ಆರ್ತ್ರೋಸ್ಕೋಪ್, ಈ ಶಸ್ತ್ರಚಿಕಿತ್ಸೆಯ ರೂಪವನ್ನೇ ಬದಲಿಸಿತು. ಟೋಕಿಯೋದ ಕೆಂಜಿ ಟಕಾಗಿ 1918ರಲ್ಲಿ ಮೂತ್ರಕೋಶವನ್ನು ನೋಡುವ ನಳಿಕೆಯನ್ನು ಶವವೊಂದರ ಮಂಡಿಯೊಳಗೆ ಇಳಿಸಿ ನೋಡಿದ್ದು ಇದರ ಮೊದಲು. ಇಂಗ್ಲೆಂಡಿನ ಡೇವಿಡ್ ಡ್ಯಾಂಡಿ 1980ರಲ್ಲಿ ಕೀಲುದರ್ಶಕದ ನೆರವಿನಿಂದ ಅಡ್ಡಬಂಧವನ್ನು ಪುನರ್ರಚಿಸಿದರು. ಮಂಡಿಯನ್ನು ಅಗಲವಾಗಿ ತೆರೆದು ಮಾಡುತ್ತಿದ್ದ ಕಾರ್ಯ ಪೆನ್ಸಿಲಿನ ದಪ್ಪದ ಎರಡು ಮೂರು ತೂತುಗಳಿಂದ ನಡೆಯುವಂತಾಯಿತು.

ಇಂದಿನ ಕ್ರಮ

ಇಂದು ಶಸ್ತ್ರವೈದ್ಯರು ಮೊದಲು ಕೀಲುದರ್ಶಕದಿಂದ ಸಂಧಿಯನ್ನು ಪರಿಶೀಲಿಸಿ, ಮೆತ್ತೆ ಸೀಳಿದ್ದರೆ ಸಾಧ್ಯವಿದ್ದಷ್ಟು ಹೊಲಿಯುತ್ತಾರೆ. ಬಳಿಕ ರೋಗಿಯ ದೇಹದಿಂದ ತೆಗೆದ ರಜ್ಜುವನ್ನು ಹದಗೊಳಿಸುತ್ತಾರೆ. ಕಣಕಾಲೆಲುಬಿನಲ್ಲಿ ಒಂದು, ತೊಡೆಯೆಲುಬಿನಲ್ಲಿ ಒಂದು ಸುರಂಗ ಕೊರೆಯುತ್ತಾರೆ. ರಜ್ಜುವನ್ನು ಅವುಗಳ ಮೂಲಕ ಎಳೆದು ಬಿಗಿಗೊಳಿಸಿ, ತುದಿಗಳನ್ನು ತಿರುಪುಮೊಳೆಯಿಂದಲೋ ಎಲುಬಿನ ಹೊರಮೈಗೆ ಅಡ್ಡನಿಲ್ಲುವ ಪುಟ್ಟ ಲೋಹದ ಗುಂಡಿಯಿಂದಲೋ ಭದ್ರಪಡಿಸುತ್ತಾರೆ.

ಇದರಲ್ಲಿ ಸೂಕ್ಷ್ಮವಾದ ಹಂತ ತೊಡೆಯೆಲುಬಿನ ಸುರಂಗದ ಸ್ಥಾನ. ಹಿಂದೆ ಕಣಕಾಲಿನ ಸುರಂಗದ ಮೂಲಕವೇ ತೊಡೆಯೆಲುಬನ್ನೂ ಕೊರೆಯುವ ರೂಢಿಯಿತ್ತು. ಅದರಿಂದ ಹೊಸ ಬಂಧ ಮೂಲಸ್ಥಾನಕ್ಕಿಂತ ಮೇಲಕ್ಕೆ, ನೆಟ್ಟಗೆ ನಿಲ್ಲುತ್ತಿತ್ತು. ಅದು ಮುಂದಕ್ಕೆ ಜಾರುವುದನ್ನು ತಡೆದರೂ ತಿರುಚುವಿಕೆಯನ್ನು ಅಷ್ಟಾಗಿ ತಡೆಯಲಿಲ್ಲ. ಈಗ ಬೇರೊಂದು ತೂತಿನಿಂದ ಕೊರೆದು ಮೂಲಬಂಧದ ನೆಲೆಯಲ್ಲಿಯೇ ಸುರಂಗ ತೆರೆಯುವುದು ವಾಡಿಕೆಯಾಗಿದೆ. ತಿರುಚುವಿಕೆ ಅಧಿಕವಾಗಿರುವ ತರುಣ ಆಟಗಾರರಲ್ಲಿ ತೊಡೆಯ ಹೊರಪಟ್ಟಿಯ ಒಂದು ಎಳೆಯಿಂದ ಮಂಡಿಯ ಹೊರಮಗ್ಗುಲಿಗೂ ಆಸರೆ ಕಟ್ಟುವುದುಂಟು. ಕೆನಡಾ ಮತ್ತು ಯೂರೋಪಿನಲ್ಲಿ 14ರಿಂದ 25 ವರ್ಷದೊಳಗಿನ 618 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಆಸರೆ ಇಲ್ಲದವರಲ್ಲಿ ಎರಡು ವರ್ಷಗಳೊಳಗೆ ನೂರಕ್ಕೆ 11 ಮಂದಿಯ ಹೊಸ ಬಂಧ ಹರಿಯಿತು. ಆಸರೆ ಕಟ್ಟಿದವರಲ್ಲಿ ನೂರಕ್ಕೆ 4 ಮಂದಿಯದು ಮಾತ್ರ.

ಯಾವ ರಜ್ಜು, ಯಾರಿಗೆ

ರಜ್ಜುವಿನ ಆಯ್ಕೆಯಲ್ಲಿ ನಮ್ಮ ಜನರ ನಡೆನುಡಿ, ಕಾಯಕಸ್ಥಿತಿಗಳು ಮುಖ್ಯವಾಗುತ್ತವೆ. ಮಂಡಿಚಿಪ್ಪಿನ ಕೆಳಗಿನ ರಜ್ಜುವಿನ ಎರಡೂ ತುದಿಗಳಲ್ಲಿ ಎಲುಬಿನ ತುಣುಕುಗಳಿರುವುದರಿಂದ, ಎಲುಬು ಎಲುಬನ್ನು ಕೂಡಿಕೊಂಡು ಅದು ಬೇಗ ನೆಲೆನಿಲ್ಲುತ್ತದೆ. ಪಾಶ್ಚಾತ್ಯ ಕ್ರೀಡಾಪಟುಗಳಲ್ಲಿ ಅದಕ್ಕೆ ಮನ್ನಣೆ ಹೆಚ್ಚು. ಆದರೆ ಅದನ್ನು ತೆಗೆದ ಮೇಲೆ ಮಂಡಿಯೂರಿದಾಗ ಮುಂಭಾಗದಲ್ಲಿ ನೋವು ಉಳಿಯುವುದುಂಟು. ಕುರ್ಚಿಯ ಮೇಲೆ ಕುಳಿತು ಬಾಳುವವನಿಗೆ ಇದು ಅಲ್ಪದೋಷ. ಮಂಡಿಕುಣಿತದ ಯಕ್ಷಗಾನ ಕಲಾವಿದನಿಗೆ, ದಿನಕ್ಕೆ ಐದು ಬಾರಿ ನಮಾಜು ಮಾಡುವವನಿಗೆ, ಇಗರ್ಜಿಯಲ್ಲಿ ಮೊಣಕಾಲೂರುವವನಿಗೆ, ನೆಲದ ಮೇಲೆ ಕುಳಿತು ಮನೆಗೆಲಸ ಮಾಡುವ ಗೃಹಿಣಿಗೆ ಅದು ಅಲ್ಪವಲ್ಲ.

ತೊಡೆಯ ಹಿಂಬದಿಯ ಎರಡು ತೆಳುವಾದ ರಜ್ಜುಗಳನ್ನು ತೆಗೆದು, ಮಡಿಸಿ ನಾಲ್ಕೆಳೆಯ ಹಗ್ಗ ಮಾಡುವುದು ನಮ್ಮ ದೇಶದಲ್ಲಿ ಬಹಳವಾಗಿ ಬಳಕೆಯಲ್ಲಿರುವ ಕ್ರಮ. ಗಾಯ ಸಣ್ಣದು, ಮಂಡಿಯೂರಲು ಅಡ್ಡಿ ಕಡಮೆ. ಆದರೆ ಎಲುಬಿನ ಸುರಂಗದಲ್ಲಿ ಅದು ಕಚ್ಚಿಕೊಳ್ಳಲು ಹೆಚ್ಚು ಕಾಲ ಬೇಕು. ಕಾಲನ್ನು ಪೂರ್ತಿ ಮಡಿಸುವ ಬಲವೂ ಕೊಂಚ ತಗ್ಗುತ್ತದೆ. ಪಾದದ ಕೀಲಿನ ಹೊರಬದಿಯ ಉದ್ದ ರಜ್ಜುವನ್ನು ಬಳಸುವ ಪದ್ಧತಿ ಈಚೆಗೆ ಭಾರತದಲ್ಲಿ ಪ್ರಚಾರಕ್ಕೆ ಬಂದಿದೆ. ಅದು ಮಂಡಿಯ ಸುತ್ತಣ ಸ್ನಾಯುಗಳನ್ನು ಮುಟ್ಟದಿರುವುದು ಅದರ ಗುಣ. ಮಂಡಿಚಿಪ್ಪಿನ ಮೇಲಿನ ರಜ್ಜುವನ್ನು ಬಳಸುವವರೂ ಹೆಚ್ಚುತ್ತಿದ್ದಾರೆ. ಇವುಗಳಲ್ಲಿ ಎಲ್ಲರಿಗೂ ಶ್ರೇಷ್ಠವಾದದ್ದು ಒಂದಿಲ್ಲ. ಆದಕಾರಣ ರೋಗಿ ತನ್ನ ವೃತ್ತಿಯೇನು, ತಾನು ಹೇಗೆ ಕೂರುವೆನು, ಏನನ್ನು ಆಡುವೆನು ಎಂಬುದನ್ನು ಶಸ್ತ್ರವೈದ್ಯರಿಗೆ ಮೊದಲೇ ಬಿಚ್ಚಿ ಹೇಳಬೇಕು.

ಶಾಲಾಬಾಲಕರ ವಿಷಯದಲ್ಲಿ ಮತ್ತೊಂದು ಎಚ್ಚರಿಕೆ ಅಗತ್ಯ. ಬೆಳೆಯುವ ವಯಸ್ಸಿನಲ್ಲಿ ಎಲುಬು ಉದ್ದವಾಗುವುದು ಮಂಡಿಯ ಬಳಿಯ ಬೆಳವಣಿಗೆಯ ಪದರಗಳಿಂದ. ಸುರಂಗ ಕೊರೆಯುವಾಗ ಅವಕ್ಕೆ ಧಕ್ಕೆಯಾದರೆ ಕಾಲು ಗಿಡ್ಡವಾಗಬಹುದು ಅಥವಾ ಸೊಟ್ಟಗಾಗಬಹುದು. ಇಂತಹ ಮಕ್ಕಳಿಗೆ ಆ ಪದರಗಳನ್ನು ತಪ್ಪಿಸಿ ನಡೆಸುವ ವಿಶೇಷ ವಿಧಾನಗಳಿವೆ. ಅವನ್ನು ಬಲ್ಲ ವೈದ್ಯರ ಬಳಿಗೇ ಕರೆದೊಯ್ಯುವುದು ಲೇಸು.

ಎಲ್ಲರಿಗೂ ಶಸ್ತ್ರವೇ?

ಬಂಧ ಹರಿದವರೆಲ್ಲರೂ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕೆಂದಿಲ್ಲ. ಸ್ವೀಡನ್ ದೇಶದಲ್ಲಿ 121 ಮಂದಿ ತರುಣರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ವ್ಯಾಯಾಮವನ್ನಷ್ಟೇ ಕೈಗೊಂಡ 59 ಮಂದಿಯಲ್ಲಿ ಎರಡು ವರ್ಷಗಳೊಳಗೆ ಶಸ್ತ್ರಚಿಕಿತ್ಸೆ ಬೇಕಾದುದು 23 ಮಂದಿಗೆ ಮಾತ್ರ. ಆದರೆ ಪೆಟ್ಟಾಗಿ ಬಹಳ ಕಾಲ ಕಳೆದು ಮಂಡಿ ಜಾರುತ್ತಲೇ ಇರುವವರಿಗೆ ಶಸ್ತ್ರಚಿಕಿತ್ಸೆಯೇ ಮೇಲೆಂದು ಬ್ರಿಟನ್ನಿನ 316 ಮಂದಿಯ ಅಧ್ಯಯನ 2022ರಲ್ಲಿ ತೋರಿಸಿತು. ನೇರ ನಡೆಯುವ, ಕುಳಿತು ದುಡಿಯುವ ಐವತ್ತರ ವ್ಯಕ್ತಿಗೆ ವ್ಯಾಯಾಮ ಸಾಕಾಗಬಹುದು. ತಿರುಗಿ ಓಡಬೇಕಾದ ಹದಿನೆಂಟರ ಆಟಗಾರ್ತಿಗೆ, ದೋಣಿಯಲ್ಲಿ ನಿಲ್ಲಬೇಕಾದ ಮೀನುಗಾರನಿಗೆ ಅದು ಸಾಲದು. ಶಸ್ತ್ರಚಿಕಿತ್ಸೆ ನಿಶ್ಚಯವಾದರೂ ಪೆಟ್ಟಾದ ಮಾರನೆಯ ದಿನವೇ ಧಾವಿಸಬೇಕಾಗಿಲ್ಲ. ಬಾವು ಇಳಿದು, ಕಾಲು ಪೂರ್ತಿ ನೇರವಾಗುವವರೆಗೆ ಕಾಯದಿದ್ದರೆ ಮಂಡಿ ಬಿಗಿದುಕೊಳ್ಳುವ ಭಯವುಂಟು.

ಕಸಿಯ ಪಂಚಾಂಗ

ಈಗ ವಿಷಯದ ತಿರುಳಿಗೆ ಬರೋಣ. ಶಸ್ತ್ರವೈದ್ಯರು ಕೊಡುವುದು ಸಿದ್ಧವಾದ ಬಂಧವನ್ನಲ್ಲ. ಬಂಧವಾಗಬಲ್ಲ ಒಂದು ರಜ್ಜುವನ್ನು ಮಾತ್ರ. ಮಾವಿನ ಕಸಿ ಕಟ್ಟಿದ ದಿನವೇ ಹಣ್ಣನ್ನು ಬಯಸುವವರುಂಟೆ? ತೆಗೆದ ಸ್ಥಳದಿಂದ ಬೇರ್ಪಟ್ಟೊಡನೆ ರಜ್ಜುವಿನ ರಕ್ತಸಂಚಾರ ಕಡಿದುಹೋಗುತ್ತದೆ. ಅದರ ಜೀವಕಣಗಳು ಸಾಯುತ್ತವೆ. ಬಳಿಕ ಹೊಸ ರಕ್ತನಾಳಗಳು ನುಗ್ಗಿ, ಹೊಸ ಜೀವಕಣಗಳು ನೆಲೆಸಿ, ಹಳೆಯ ಎಳೆಗಳನ್ನು ಕೆಡವಿ ಹೊಸವನ್ನು ನೇಯುತ್ತವೆ. ಕಟ್ಟಡವನ್ನು ಕೆಡವಿ ಕಟ್ಟುವ ಈ ಅವಧಿಯಲ್ಲಿ ರಜ್ಜು ಕಟ್ಟಿದ ದಿನಕ್ಕಿಂತಲೂ ಬಲಹೀನವಾಗಿರುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳ ಪ್ರಕಾರ ಸುಮಾರು ಆರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲ ಅತ್ಯಂತ ನಾಜೂಕಿನದು. ವಿಪರ್ಯಾಸವೆಂದರೆ, ಆ ವೇಳೆಗೆ ರೋಗಿಯ ನೋವು ಮಾಯವಾಗಿರುತ್ತದೆ, ನಡಿಗೆ ಸಲೀಸಾಗಿರುತ್ತದೆ. ಮಂಡಿ ವಾಸಿಯಾದಂತೆ ತೋರುವ ಕಾಲವೇ ಅದು ಅತಿ ದುರ್ಬಲವಾಗಿರುವ ಕಾಲ.

ಇದನ್ನು ಕರಾವಳಿಯ ಪಂಚಾಂಗದೊಡನೆ ಹೋಲಿಸಿ ನೋಡಬೇಕು. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಮಳೆಗಾಲದ ನಿಷೇಧವಿದೆ. ದುಡಿಮೆ ಕೆಡದಂತೆ ಆ ಬಿಡುವಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆಗಸ್ಟಿನಲ್ಲಿ ದೋಣಿ ಹತ್ತಬೇಕೆಂದು ಮೀನುಗಾರನು ಎಣಿಸುವುದು ಸಹಜ. ಆದರೆ 61ನೆಯ ದಿನವೆಂದರೆ ಒಂಬತ್ತನೆಯ ವಾರ, ನಾಜೂಕು ಕಾಲದ ನಟ್ಟನಡುವೆ. ಯಕ್ಷಗಾನ ಮೇಳಗಳು ಮೇ ತಿಂಗಳ ಕೊನೆಯಲ್ಲಿ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ನವೆಂಬರಿನ ಹೊತ್ತಿಗೆ ಮತ್ತೆ ತಿರುಗಾಟಕ್ಕೆ ಹೊರಡುತ್ತವೆ. ನಡುವಣ ಬಿಡುವು ಆರು ತಿಂಗಳಷ್ಟೆ. ಕಂಬಳದ ಋತು ಮುಗಿದು ಮತ್ತೆ ಆರಂಭವಾಗುವ ನಡುವೆ ಏಳೆಂಟು ತಿಂಗಳು. ಕಸಿಗಾದರೋ ಕನಿಷ್ಠ ಒಂಬತ್ತು ತಿಂಗಳು ಬೇಕು. ಅಮೆರಿಕ ಮತ್ತು ನಾರ್ವೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿಯೊಂದು ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಶೇಕಡ 51ರಷ್ಟು ತಗ್ಗಿತು. ನಮ್ಮ ಯಾವ ಕಾಯಕದ ಬಿಡುವೂ ಕಸಿಯ ಬಿಡುವಿಗೆ ಸರಿಹೊಂದುವುದಿಲ್ಲ. ಈ ಚಿಕಿತ್ಸೆಯ ನಿಜವಾದ ಕಷ್ಟ ಇರುವುದು ಇಲ್ಲಿಯೇ.

ಆ ಒಂಬತ್ತು ತಿಂಗಳು ಸುಮ್ಮನೆ ಮಲಗಿರುವ ಕಾಲವೂ ಅಲ್ಲ. ಮೊದಲ ವಾರಗಳಲ್ಲಿ ಕಾಲನ್ನು ಪೂರ್ತಿ ನೇರವಾಗಿಸುವುದು, ತೊಡೆಯ ಮುಂಭಾಗದ ಸ್ನಾಯುವನ್ನು ಎಚ್ಚರಿಸುವುದು. ಬಳಿಕ ಸಮತೋಲನ, ಬಲವರ್ಧನೆ. ಮುಂದೆ ನೇರ ಓಟ. ಕಡೆಗೆ ಜಿಗಿತ, ತಿರುವು. ಹೀಗೆ ಭೌತಚಿಕಿತ್ಸಕರ ಮೇಲ್ವಿಚಾರಣೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಪೆಟ್ಟಾದ ಕಾಲಿನ ಬಲ ಇನ್ನೊಂದು ಕಾಲಿನ ಬಲದ ಶೇಕಡ 90ನ್ನಾದರೂ ಮುಟ್ಟಿದ ಮೇಲೆಯೇ ಅಂಗಣಕ್ಕೆ ಮರಳುವುದು ಸರಿಯೆಂದು ತಜ್ಞರ ಅಭಿಮತ. ಕಾಲೆಂಡರಿನ ಲೆಕ್ಕವೊಂದೇ ಸಾಲದು, ಬಲದ ಲೆಕ್ಕವೂ ಕೂಡಬೇಕು.

ನಮ್ಮ ಕರ್ತವ್ಯ

ಶಸ್ತ್ರಚಿಕಿತ್ಸೆಯ ವೆಚ್ಚಕ್ಕೆ ನೆರವಾಗುವ ಸಹೃದಯರು ನಮ್ಮ ನಾಡಿನಲ್ಲಿ ಕಡಮೆಯಿಲ್ಲ. ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಯ ಕಾರ್ಯ; ಅದಕ್ಕೆ ಕೊಟ್ಟ ಹಣ ಕಣ್ಣಿಗೆ ಕಾಣುತ್ತದೆ. ಆದರೆ ಕಾರ್ಕಳದಾಚೆಯ ಹಳ್ಳಿಯ ಬಡ ಹುಡುಗಿ ತಿಂಗಳುಗಟ್ಟಲೆ ಮಣಿಪಾಲಕ್ಕೋ ಉಡುಪಿಗೋ ಬಸ್ಸಿನಲ್ಲಿ ಹೋಗಿ ಬರುವ ಖರ್ಚು, ಭೌತಚಿಕಿತ್ಸೆಯ ಶುಲ್ಕ, ದುಡಿಯುವ ಗಂಡಸು ಮನೆಯಲ್ಲಿ ಕುಳಿತ ತಿಂಗಳುಗಳ ಅನ್ನದ ಪ್ರಶ್ನೆ, ಇವು ಯಾರ ದೃಷ್ಟಿಗೂ ಬೀಳುವುದಿಲ್ಲ. ಇವುಗಳಿಗೆ ಒದಗುವವರಿಲ್ಲದೆ ಅವಸರದಿಂದ ಕೆಲಸಕ್ಕೋ ಆಟಕ್ಕೋ ಮರಳಿದವರ ಬಂಧ ಮತ್ತೆ ಹರಿದರೆ, ಮೊದಲು ಕೊಟ್ಟ ದಾನವೂ ನಿಷ್ಫಲವಾಗುತ್ತದೆ. ದಾನಿಗಳು ಶಸ್ತ್ರಚಿಕಿತ್ಸೆಗೆ ಕೊಡುವ ನೆರವಿನಲ್ಲಿ ಒಂದು ಪಾಲನ್ನು ಈ ಒಂಬತ್ತು ತಿಂಗಳಿಗೆಂದು ಮೀಸಲಿಟ್ಟರೆ ಉಪಕಾರವು ಪೂರ್ಣವಾಗುತ್ತದೆ.

ಅಧ್ಯಾಪಕರು ಮಾಡಬಹುದಾದುದು ಎರಡು. ಆಟಕ್ಕೆ ಮುನ್ನ ಹದಿನೈದು ಇಪ್ಪತ್ತು ನಿಮಿಷ, ಮಂಡಿ ಒಳಕ್ಕೆ ವಾಲದಂತೆ ಜಿಗಿದಿಳಿಯುವ, ಒಂಟಿಕಾಲಿನಲ್ಲಿ ಸಮತೋಲನ ಕಾಯುವ ವ್ಯಾಯಾಮಗಳನ್ನು ಮಾಡಿಸುವುದು ಮೊದಲನೆಯದು. ಇಂತಹ ಅಭ್ಯಾಸದಿಂದ ಈ ಪೆಟ್ಟುಗಳು, ವಿಶೇಷವಾಗಿ ಬಾಲಕಿಯರಲ್ಲಿ, ಗಣನೀಯವಾಗಿ ತಗ್ಗುತ್ತವೆಂದು ಸಿದ್ಧಪಟ್ಟಿದೆ. ಇದಕ್ಕೆ ಹಣವೂ ಬೇಡ, ಸಲಕರಣೆಯೂ ಬೇಡ. ಶಸ್ತ್ರಚಿಕಿತ್ಸೆಯಾದ ವಿದ್ಯಾರ್ಥಿಯನ್ನು ಮುಂದಿನ ಪಂದ್ಯಾವಳಿಗೆ ಎಳೆತರದಿರುವುದು ಎರಡನೆಯದು. ನಾಲ್ಕೇ ತಿಂಗಳಲ್ಲಿ ಅಂಗಣಕ್ಕಿಳಿದ ಹುಡುಗನನ್ನು ನಾವು ಧೀರನೆಂದು ಹೊಗಳುತ್ತೇವೆ. ಒಂದು ವರ್ಷ ಗೆರೆಯಾಚೆ ಕುಳಿತು, ದಿನವೂ ವ್ಯಾಯಾಮ ಮಾಡುತ್ತ ಗೆಳೆಯರ ಆಟಕ್ಕೆ ಚಪ್ಪಾಳೆ ತಟ್ಟಿದ ಹುಡುಗನ ತಾಳ್ಮೆ ಆ ಹೊಗಳಿಕೆಗೆ ಹೆಚ್ಚು ಅರ್ಹವಾದುದು. ಅವನು ಕಾಪಾಡಿಕೊಳ್ಳುತ್ತಿರುವುದು ಒಂದು ವರ್ಷದ ಪದಕವನ್ನಲ್ಲ, ಮುಂದಣ ಐವತ್ತು ವರ್ಷ ತನ್ನನ್ನು ಹೊರಬೇಕಾದ ಕಾಲನ್ನು.